ಮೂರು ನಿಮಿಷದಲ್ಲಿ ರಾಜನನ್ನು ಹಿಡಿಯುವ ಕ್ರಮ

ಎಂಥ ಅವಸರದ ಕೆಲಸವನ್ನೂ ಕ್ರಮವಾಗಿ ಮಾಡಬಹುದು ಎಂದು ನಂಬಿರುವ ಮನುಷ್ಯ ನಾನು. ಸಿಂದಗಿಯ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿದ್ದವನು ಬೇರೇನನ್ನು ನಂಬಿಯಾನು? ಇಂಡಿಗೆ ಹೋಗುವ ಬಸ್ಸಿನ ಚಾಲಕ ಎಷ್ಟೇ ಎಂಜಿನ್ ಗುರುಗುಟ್ಟಿಸಲಿ, ಆಲಮೇಲದ ಪ್ರಯಾಣಿಕರು ಕಿಟಕಿಯಿಂದ ಎಷ್ಟೇ ಕೂಗಲಿ, ಗಾಡಿಯ ನಂಬರನ್ನೂ ಹೊರಡುವ ವೇಳೆಯನ್ನೂ ನಾನು ರಿಜಿಸ್ಟರಿನಲ್ಲಿ ಬರೆಯುವವರೆಗೆ ಒಂದು ಬಸ್ಸೂ ಗೇಟು ದಾಟುತ್ತಿರಲಿಲ್ಲ. ನಿವೃತ್ತಿಯ ನಂತರವೂ ಐದಕ್ಕೆ ಏಳುವುದು, ಆರಕ್ಕೆ ನಡಿಗೆ, ಏಳೂವರೆಗೆ ಚಹಾ. ಇಂಥ ನಾನು ಮೊಬೈಲಿನ ಮೂರು ನಿಮಿಷದ ಚದುರಂಗದಲ್ಲಿ ದಿನಾ ಸೋಲುತ್ತಿದ್ದೆ. ಈ ಆಟದಲ್ಲಿ ಒಬ್ಬೊಬ್ಬರಿಗೆ ಎಲ್ಲ ನಡೆಗಳೂ ಸೇರಿ ಮೂರೇ ನಿಮಿಷ. ಅದು ಮುಗಿದರೆ, ಮಣೆಯ ಮೇಲೆ ಸೈನ್ಯ ಎಷ್ಟೇ ಭದ್ರವಾಗಿರಲಿ, ಸೋಲು. ವೇಳೆ ಕಾಯುವುದನ್ನೇ ವೃತ್ತಿ ಮಾಡಿಕೊಂಡಿದ್ದ ನಾನು ಪ್ರತಿ ಸಲವೂ ವೇಳೆ ಮೀರಿಯೇ ಸೋಲುತ್ತಿದ್ದೆ.

ಇದು ಮನೆಯೊಳಗೇ ಮುಚ್ಚಿಹೋಗಬಹುದಾಗಿದ್ದ ವಿಷಯ. ಆದರೆ ಬಸವನ ಬಾಗೇವಾಡಿಯ ನಿವೃತ್ತರು ನಮ್ಮೂರಿನ ನಿವೃತ್ತರಿಗೆ ಸವಾಲು ಹಾಕಿದರು: ಎರಡೂ ಕಡೆ ನಾಲ್ಕು ನಾಲ್ಕು ಜನ, ಅವರವರ ಊರಿನಲ್ಲಿ ಕೂತು ಮೊಬೈಲಿನಲ್ಲೇ ಇದೇ ಮೂರು ನಿಮಿಷದ ಆಟ. ನಮ್ಮ ನಾಯಕಿ ಗುರುಬಾಯಿ ಟೀಚರ್, ನಿವೃತ್ತ ಗಣಿತ ಶಿಕ್ಷಕಿ. ಮೂರು ಸ್ಥಾನ ತುಂಬಿದ್ದವು. ನಾಲ್ಕನೆಯದಕ್ಕೆ ಇಬ್ಬರು: ನಾನು, ಮತ್ತು ಹಳೆಯ ಕಂಡಕ್ಟರ್ ರಸೂಲಸಾಬ್. ಆ ಸ್ಥಾನ ನನ್ನದೇ ಎಂದು ನಡಿಗೆಯ ಗೆಳೆಯರಿಗೆಲ್ಲ ಆಗಲೇ ಹೇಳಿಬಿಟ್ಟಿದ್ದೆ.

"ಮುಂದಿನ ಐತವಾರ ನಮ್ಮ ಮನ್ಯಾಗ ಮೂರು ಆಟ ಆಡ್ರಿ," ಎಂದರು ಟೀಚರ್. "ಎರಡು ಗೆದ್ದವರು ತಂಡದಾಗ. ಸೋತವರು ಪಂದ್ಯದ ದಿನ ಎಲ್ಲಾರಿಗೂ ಚಹಾ ಕೊಡೂದು."

"ಚಹಾ ನೀವ ಕೊಡ್ತೀರಿ ಬಿಡ್ರಿ, ಕಂಟ್ರೋಲರ್ ಸಾಹೇಬ್ರ," ಎಂದ ರಸೂಲಸಾಬ್. "ನಿಮ್ಮ ಗಾಡಿ ಗೇಟಿನಾಗ ನಿಂತ ಟೈಮ್ ಮುಗೀತೈತಿ."

ಅವನ ಬಸ್ಸನ್ನು ನಾನು ಗೇಟಿನಲ್ಲಿ ಎಷ್ಟು ಸಲ ನಿಲ್ಲಿಸಿದ್ದೆನೋ ಅಷ್ಟೂ ಸಲದ ಸೇಡು ಆ ಮಾತಿನಲ್ಲಿತ್ತು. ಉಳಿದಿದ್ದು ಹತ್ತು ದಿನ. ಅಂದೇ ವೇಳಾಪಟ್ಟಿ ಹಾಕಿದೆ. ಚಹಾದ ನಂತರ ಹತ್ತು ಸಮಸ್ಯೆ ಬಿಡಿಸುವುದು. ಆಮೇಲೆ ಐದೇ ಆಟ; ಸತತವಾಗಿ ಎರಡು ಸೋತರೆ ಮೊಬೈಲು ಕಪಾಟಿಗೆ. ಸಿಟ್ಟಿನಲ್ಲಿ ಆಡಿದ ಮೂರನೆಯ ಆಟವನ್ನು ಯಾರೂ ಗೆದ್ದಿಲ್ಲ. ಆರಂಭದ ನಡೆಗಳು ಪ್ರತಿ ಸಲವೂ ಅವೇ: ರಾಜನ ಮುಂದಿನ ಪ್ಯಾದೆ, ಕುದುರೆ, ಒಂಟೆ, ನಂತರ ರಾಜ ಕೋಟೆಗೆ. ಯೋಚಿಸಬೇಕಾಗಿಲ್ಲದ ಕಡೆ ಯೋಚಿಸಬಾರದು. ನಿಜವಾಗಿಯೂ ನನ್ನ ಆಟ ಸುಧಾರಿಸಿತು. ನಾಲ್ಕನೆಯ ದಿನ ಎದುರಾಳಿಯ ಬಳಿ ಒಬ್ಬ ರಾಜ, ಎರಡು ಪ್ಯಾದೆ ಉಳಿದಿದ್ದವು. ನನ್ನ ಬಳಿ ಮಂತ್ರಿ, ಎರಡು ಆನೆ, ಅರ್ಧ ಸೈನ್ಯ. ಸೋತವನು ನಾನು. ನೆಟ್‌ವರ್ಕನ್ನು ಬೈದೆ. ಕನ್ನಡಕ ಬದಲಿಸಿದೆ. ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದೆ.

ಆರನೆಯ ದಿನ ನನ್ನ ಹೆಂಡತಿ ಕಸ್ತೂರಿ ಎದುರಿಗೆ ಕೂತು ಜೋಳ ಹಸನು ಮಾಡುತ್ತಿದ್ದಳು. ನಾನು ಎಂದಿನಂತೆ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಆಡುತ್ತಿದ್ದೆ.

"ಆಟದ ನಡುವ ಏನ್ ಬರ್ಯಾಕತ್ತೀರಿ?" ಎಂದಳು.

"ಕುದುರಿ ಎಲ್ಲಿಂದ ಎಲ್ಲಿಗೆ ಹೋಗತೈತಿ ಅಂತ."

"ಹೋಗೂಕಿಂತ ಮೊದಲ?"

"ಮತ್ತ? ಬರೀದ ಹೆಂಗ ಬಿಡೂದು?"

ಅವಳು ಮೊರ ಕೆಳಗಿಟ್ಟಳು. "ಆ ಕುದುರಿ ಏನೂ ಇಂಡಿಗೆ ಹೊಂಟಿಲ್ರಿ. ಬಿಡ್ರಿ ಅದನ್ನ." ಆಮೇಲೆ ಮೊಬೈಲು ಇಸಿದುಕೊಂಡು ಬೆರಳಿಂದ ಸರಿಸಿ ತೋರಿಸಿದಳು. ನಡೆದ ನಡೆಗಳೆಲ್ಲ ಅಲ್ಲಿ ಸಾಲಾಗಿ ನಿಂತಿದ್ದವು, ಒಂದೊಂದಕ್ಕೂ ಹಿಡಿದ ವೇಳೆಯ ಸಮೇತ. "ನೋಡ್ರಿ, ನಿಮ್ಮ ಕೆಲಸಾನೂ ಇದ ಮಾಡತೈತಿ. ಅಕ್ಷರಾನೂ ಚೆಂದ ಅದಾವು."

ನಾನು ಲೆಕ್ಕ ಹಾಕಿದೆ. ಒಂದು ನಡೆ ಬರೆಯಲು ಮೂರು ಸೆಕೆಂಡು. ನಲವತ್ತು ನಡೆಗೆ ಎರಡು ನಿಮಿಷ. ಇದ್ದ ಮೂರು ನಿಮಿಷದಲ್ಲಿ ಎರಡು ನಿಮಿಷ ಗುಮಾಸ್ತಿಕೆ, ಒಂದು ನಿಮಿಷ ಚದುರಂಗ. ಪೆನ್ನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಎರಡು ದಿನ ಪ್ರತಿ ನಡೆಗೂ ಕೈ ತಾನಾಗಿಯೇ ಜೇಬಿಗೆ ಹೋಗಿ ಬರುತ್ತಿತ್ತು. ಮೂರನೆಯ ದಿನ ಜೇಬಿಲ್ಲದ ಬನಿಯನ್ನಿನಲ್ಲಿ ಕೂತೆ. ಐದರಲ್ಲಿ ನಾಲ್ಕು ಗೆದ್ದೆ.

ಐತವಾರ ಟೀಚರ್ ಮನೆಯ ಪಡಸಾಲೆಯಲ್ಲಿ ಮೊದಲ ಆಟವನ್ನು ರಸೂಲಸಾಬ್ ಗೆದ್ದ. ಅವನ ಕುದುರೆ ಒಂದೇ ನೆಗೆತಕ್ಕೆ ನನ್ನ ರಾಜನನ್ನೂ ಮಂತ್ರಿಯನ್ನೂ ಹಿಡಿಯಿತು. ಎರಡನೆಯದು ನನ್ನದು. ಮೂರನೆಯದರಲ್ಲಿ ನನ್ನದೊಂದು ಆನೆ ಹೋಯಿತು. ಹಳೆಯ ನಾನಾಗಿದ್ದರೆ ಅಲ್ಲೇ ಕೈಚೆಲ್ಲುತ್ತಿದ್ದೆ. ಆದರೆ ನನ್ನ ಗಡಿಯಾರದಲ್ಲಿ ಮೂವತ್ತೊಂದು ಸೆಕೆಂಡು, ಅವನದರಲ್ಲಿ ಒಂಬತ್ತು. ಮಂತ್ರಿಯಿಂದ ಅವನ ರಾಜನಿಗೆ ಒಂದರ ಹಿಂದೆ ಒಂದು ಶಹ, ಅಂದರೆ ಚೆಕ್, ಕೊಡುತ್ತ ಹೋದೆ. ಅವನು ರಾಜನನ್ನು ಮೂಲೆಯಿಂದ ಮೂಲೆಗೆ ಓಡಿಸುತ್ತಿರುವಾಗಲೇ ಅವನ ವೇಳೆ ಮುಗಿಯಿತು.

"ನನ್ನ ಕಡೆ ಒಂದು ಆನಿ ಜಾಸ್ತಿ ಇತ್ತಲ್ರಿ," ಎಂದ ರಸೂಲಸಾಬ್, ಪರದೆಯನ್ನೇ ನೋಡುತ್ತ.

"ಆನಿ ಇತ್ತು. ಟೈಮ್ ಎಲ್ಲಿತ್ತು?" ಎಂದೆ.

ಟೀಚರ್ ನಾಲ್ಕನೆಯ ಸ್ಥಾನಕ್ಕೆ ನನ್ನ ಹೆಸರು ಬರೆದರು. ರಸೂಲಸಾಬ್ ದೊಡ್ಡ ಮನುಷ್ಯ. ಪಂದ್ಯದ ದಿನದವರೆಗೂ ಕಾಯದೆ ಅಂದೇ ಚಹಾ ತಂದುಕೊಟ್ಟು, "ಹತ್ತ ದಿನದಾಗ ಹೆಂಗ ಸುಧಾರಿಸಿದ್ರಿ, ನನಗೂ ಹೇಳಿಕೊಡ್ರಿ," ಎಂದ.

ಕೇಳಿದವರಿಗೆ ಇಲ್ಲ ಎನ್ನುವ ಸ್ವಭಾವ ನನ್ನದಲ್ಲ. ಮರುದಿನ ಬೆಳಿಗ್ಗೆ ಕೂತು, ವೇಗವಾಗಿ ಆಡುವವರು ಪಾಲಿಸಬೇಕಾದ ಹದಿನೇಳು ನಿಯಮಗಳನ್ನು ದುಂಡಗೆ ಬರೆದೆ. ಆಟದ ಹೊತ್ತಿನಲ್ಲಿ ಹಾಳೆಯನ್ನು ಎದುರಿಗಿಟ್ಟುಕೊಂಡು ಒಮ್ಮೆ ಪೂರ್ತಿ ಓದತಕ್ಕದ್ದು ಎಂದು ತಲೆಯ ಮೇಲೆ ಸೂಚನೆಯನ್ನೂ ಹಾಕಿದೆ. ಕಸ್ತೂರಿ ಗೋಡೆಯ ಗಡಿಯಾರ ನೋಡಿಕೊಂಡು ಅದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು.

"ಮೂರು ನಿಮಿಷ ಇಪ್ಪತ್ತು ಸೆಕೆಂಡ್ ಆತ್ರಿ," ಎಂದಳು.

ನ್ಯಾಯವಾದ ಟೀಕೆಯನ್ನು ನಾನು ಎಂದೂ ತಳ್ಳಿಹಾಕಿದವನಲ್ಲ. ತಕ್ಷಣ ಎರಡು ನಿಯಮ ಹೊಡೆದುಹಾಕಿದೆ. ಈಗ ಓದಿ ಮುಗಿಸಲು ಸರಿಯಾಗಿ ಮೂರೇ ನಿಮಿಷ.