ಶುಕ್ರವಾರ ಕೆಮ್ಮೋ ಕಾರು

ಓಡಾಡೋ ಗಾಡಿ ನನ್ನ ತಲೆ ತಿಂದಿದ್ದು ಕಮ್ಮಿ. ನನ್ನ ಆಯಸ್ಸು ತಿಂದಿದ್ದೆಲ್ಲಾ ನಿಂತ ಗಾಡಿಗಳೇ. ಜನ ಗಾಡೀನ ವರ್ಷಗಟ್ಲೆ ಮೂಲೇಲಿ ನಿಲ್ಸಿರ್ತಾರೆ. ಒಂದಿನ ಇದ್ದಕ್ಕಿದ್ದಂಗೆ ಪ್ರೀತಿ ಉಕ್ಕಿ ಬಂದು, "ಸ್ವಲ್ಪ ನೋಡಪ್ಪ, ಏನಿಲ್ಲ, ನಿಲ್ಸಿದಾಗ ಚೆನ್ನಾಗೇ ಇತ್ತು" ಅಂತಾರೆ. ಮೆಕ್ಯಾನಿಕ್ ಆಗಿ ಇಷ್ಟು ವರ್ಷ ಆಯ್ತು, ಈ ಮಾತು ಕಿವಿಗೆ ಬಿದ್ರೆ ಇವತ್ತಿಗೂ ಸ್ಪ್ಯಾನರ್ ಕೆಳಗಿಟ್ಟು ಮೊದಲು ಒಂದು ಕಾಫಿ ಕುಡ್ಕೊಂಡು ಬರ್ತೀನಿ.

ದೊಮ್ಮಲೂರಿನ ಅಮ್ಮಾವ್ರು ಹೇಳಿದ್ದೂ ಇದೇ ಮಾತು. ತೊಂಬತ್ತರ ದಶಕದ ಮಧ್ಯದ ಕಥೆ ಇದು. ಆಗ ನನಗೊಂದು ಸ್ವಂತ ಜಾಗ ಇರ್ಲಿಲ್ಲ. ಹಲಸೂರಲ್ಲಿ ಮೂರು ಕಡೆ ಫುಟ್‌ಪಾತ್ ಮೇಲೆ ಸ್ಪ್ಯಾನರ್ ಹರಡ್ಕೊಂಡು ಕೂತಿದ್ದೆ, ಮೂರು ಕಡೆಯಿಂದಲೂ ಎಬ್ಬಿಸಿದ್ರು. ಅಮ್ಮಾವ್ರ ಮನೆ ಪಕ್ಕ ಒಂದು ಶೀಟ್ ಹಾಕಿದ ಶೆಡ್ ಇತ್ತು. ಹಿಂದೆ ಅವರಿಗೆ ಹೊಲ ಇದ್ದಾಗ ನೇಗಿಲು, ಹುಲ್ಲು ಹಾಕ್ತಿದ್ದ ಜಾಗ. ಈಗ ಅದರೊಳಗೆ ಅವರ ತೀರಿಹೋದ ಯಜಮಾನ್ರ ಬಿಳಿ ಕಾರು, ಆರು ವರ್ಷದಿಂದ ಟಾರ್ಪಾಲ್ ಹೊದ್ಕೊಂಡು ನಿಂತಿತ್ತು.

"ನೋಡಪ್ಪ, ಯಜಮಾನ್ರು ಇದ್ದಾಗ ಪ್ರತಿ ಆಯುಧ ಪೂಜೆಗೂ ಈ ಗಾಡೀಲಿ ಹಲಸೂರು ದೇವಸ್ಥಾನಕ್ಕೆ ಹೋಗ್ತಿದ್ವಿ. ಈ ಸಲ ನೀನು ಅದನ್ನ ಓಡಿಸ್ಕೊಂಡು ಬಾ, ಶೆಡ್ಡು ನಿನಗೇ ಕೊಡ್ತೀನಿ. ಆಗ್ಲಿಲ್ಲ ಅಂದ್ರೆ ನಮ್ಮ ಮೈದುನನ ಮಗ ಎಸ್‌ಟಿಡಿ ಬೂತ್ ಹಾಕ್ತೀನಿ ಅಂತಿದಾನೆ, ಅವನಿಗೆ ಹೋಗುತ್ತೆ," ಅಂದ್ರು.

ಹಬ್ಬಕ್ಕೆ ಎರಡು ತಿಂಗಳಿತ್ತು. ಒಂದು ಕಾರ್ ಸ್ಟಾರ್ಟ್ ಮಾಡೋಕೆ ಎರಡು ತಿಂಗಳು ಯಾಕೆ ಅಂತ ನಾನು ಒಳಗೊಳಗೇ ನಕ್ಕೆ. ಅದೇ ಕೊನೆ ನಗು.

ಒಂದು: ಯಜಮಾನ್ರ ಪೆಟ್ರೋಲು

ನಿಂತ ಗಾಡೀಲಿ ಮೊದಲು ಕೆಡೋದು ಪೆಟ್ರೋಲು. ಟ್ಯಾಂಕ್ ಮುಚ್ಚಳ ತೆಗೆದ್ರೆ ಪೇಂಟ್ ಅಂಗಡಿ ವಾಸನೆ. ಎಲ್ಲಾ ಒಂದು ಕ್ಯಾನಿಗೆ ಇಳಿಸ್ದೆ, ಟ್ಯಾಂಕ್ ತೊಳೆದೆ, ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡ್ದೆ, ಹೊಸ ಪೆಟ್ರೋಲ್ ಹಾಕ್ದೆ. ಗಾಡಿ ಸ್ಟಾರ್ಟ್ ಆಯ್ತು. ಆದ್ರೆ ಮಿಸ್ಸಿಂಗ್. ಅಂದ್ರೆ, ನಾಲ್ಕು ಸಿಲಿಂಡರಲ್ಲಿ ಯಾವುದೋ ಒಂದು ಸರಿಯಾಗಿ ಹತ್ಕೊಳ್ತಿಲ್ಲ. ಇಂಜಿನ್ ಗಡಗಡ ನಡುಗುತ್ತೆ, ಟಪ್ ಟಪ್ ಅಂತ ಕೆಮ್ಮುತ್ತೆ.

ಇಂಜಿನ್ ಎಲ್ಲಾ ತಡಕಾಡಿ ಕೊನೆಗೆ ಟ್ಯಾಂಕ್ ಮೂಸಿ ನೋಡ್ದೆ. ಮತ್ತೆ ಅದೇ ಪೇಂಟ್ ವಾಸನೆ. ಕ್ಯಾನ್ ನೋಡಿದ್ರೆ ಖಾಲಿ.

"ಅಮ್ಮಾ, ಈ ಕ್ಯಾನಲ್ಲಿದ್ದ ಹಳೇ ಪೆಟ್ರೋಲ್ ಎಲ್ಲಿ?"

"ವಾಪಸ್ ಹಾಕ್ದೆ ಕಣಪ್ಪ. ಯಜಮಾನ್ರು ಕೊನೇ ಸಲ ಹಾಕ್ಸಿದ್ದ ಪೆಟ್ರೋಲು. ಚೆಲ್ಲೋಕೆ ಮನಸ್ಸು ಬರ್ಲಿಲ್ಲ."

ಮತ್ತೆ ಇಳಿಸ್ದೆ. ಈ ಸಲ ಅವರು ಅದನ್ನ ಒಂದು ಉಪ್ಪಿನಕಾಯಿ ಜಾಡಿಗೆ ಹಾಕಿ, ಬಟ್ಟೆ ಕಟ್ಟಿ, ಒಳಗೆ ತಗೊಂಡು ಹೋದ್ರು. ಅವತ್ತಿಂದ ಅವರ ಮನೇಲಿ ಊಟಕ್ಕೆ ಕೂತಾಗ ನಾನು ಉಪ್ಪಿನಕಾಯಿ ಬೇಡ ಅಂತಲೇ ಹೇಳ್ತೀನಿ.

ಎರಡು: ಬಾಡಿಗೆದಾರರು

ಮಿಸ್ಸಿಂಗ್ ಹೋಗ್ಲಿಲ್ಲ. ಏರ್ ಫಿಲ್ಟರ್ ಡಬ್ಬಿ ತೆಗೆದೆ. ಒಳಗೆ ಇಲಿ ಸಂಸಾರ. ಸೀಟಿನ ನಾರು, ಅಮ್ಮಾವ್ರ ಹಳೇ ಸೀರೆ ಚೂರು, ಎಲ್ಲಾ ತಂದು ಒಳ್ಳೇ ಹಾಸಿಗೆ ಮಾಡ್ಕೊಂಡಿದ್ವು. ಪ್ಲಗ್ ವೈರನ್ನೂ ಕಡಿದು ಇಟ್ಟಿದ್ವು. ಬೋನು ಇಡೋಣ ಅಂತ ತಂದ್ರೆ ಅಮ್ಮಾವ್ರು ಅಡ್ಡ ನಿಂತ್ರು.

"ಬೇಡ. ಗಣಪತಿ ಹಬ್ಬ ಹತ್ರ ಬರ್ತಿದೆ. ಅದು ಗಣಪತಿ ವಾಹನ."

"ಅಮ್ಮಾ, ಇದು ನಿಮ್ಮ ವಾಹನ ಅಲ್ವಾ?"

"ನಮ್ಮದು ಆರು ವರ್ಷದಿಂದ ನಿಂತಿದೆ. ಅವನದು ಓಡ್ತಾ ಇದೆ. ಯಾವುದನ್ನ ಉಳಿಸ್ಕೋಬೇಕು ನೀನೇ ಹೇಳು."

ಅವತ್ತು ನಾನು ಒಂದು ಮೊರದಲ್ಲಿ ಇಲಿ ಸಂಸಾರಾನ ಹಾಸಿಗೆ ಸಮೇತ ಎತ್ಕೊಂಡು ಹೋಗಿ ಹಿತ್ಲಲ್ಲಿ ಬಿಟ್ಟು ಬಂದೆ. ಅವುಗಳಿಗೆ ಅಮ್ಮಾವ್ರು ಒಂದು ಚೂರು ಕೊಬ್ಬರಿ ಕೊಟ್ರು. ನನಗೆ ಕಾಫಿ ಕೊಡೋದು ಮರೆತ್ರು.

ಮೂರು: ಫೋನಲ್ಲಿ ಡಾಕ್ಟ್ರು

ವೈರ್ ಬದಲಾಯಿಸ್ದೆ, ಪ್ಲಗ್ ಬದಲಾಯಿಸ್ದೆ, ಕೆಮ್ಮು ಮಾತ್ರ ಹಾಗೇ. ಶಿವಾಜಿನಗರದಲ್ಲಿ ಹಳೇ ಗಾಡಿ ಸಾಮಾನು ಮಾರೋ ಗುಜರಿ ಅಂಗಡಿ ಭಾಯ್ ಒಬ್ಬರಿದ್ರು. ನಾನು ಕೆಲಸ ಕಲಿಯೋ ಕಾಲದಿಂದ ಗುರುತು. ಇಂಜಿನ್ ಶಬ್ದ ಕೇಳಿಯೇ ಕಾಯಿಲೆ ಹೇಳೋ ಮನುಷ್ಯ. ಆದ್ರೆ ಅಂಗಡಿ ಬಿಟ್ಟು ಏಳೋರಲ್ಲ. ಅದಕ್ಕೆ ನಾನು ಗಾಡೀನ ಕೆಮ್ಮಿಸ್ಕೊಂಡೇ ರೋಡಿನ ಕಾಯಿನ್ ಬೂತ್ ಪಕ್ಕ ತಂದು ನಿಲ್ಲಿಸಿ, ಕಾಸು ಹಾಕಿ, ರಿಸೀವರನ್ನ ಇಂಜಿನ್ ಕಡೆ ಹಿಡಿದೆ.

"ಕೇಳಿಸ್ತಾ ಭಾಯ್?"

"ಕೇಳಿಸ್ತು ಮಿಯಾ. ಗೇರ್ ಬಾಕ್ಸ್ ಹೋಗಿದೆ, ಕ್ಲಚ್ ಹೋಗಿದೆ, ಸೈಲೆನ್ಸರ್ ಪೂರಾ ತೂತು. ಈ ಗಾಡೀನ ನನಗೇ ತೂಕಕ್ಕೆ ಹಾಕ್ಬಿಡು."

"ಭಾಯ್, ಅದು ಪಕ್ಕದಲ್ಲಿ ಹೋದ ಬಸ್ಸು."

ಭಾಯ್ ಗಂಟಲು ಸರಿ ಮಾಡ್ಕೊಂಡು, "ಹಾಗಾದ್ರೆ ನಿನ್ನ ಗಾಡಿ ಚೆನ್ನಾಗೇ ಇದೆ. ನನಗೆ ಕೇಳಿಸಲೇ ಇಲ್ಲ," ಅಂದು ಫೋನ್ ಇಟ್ರು.

ನಾಲ್ಕು: ಚಿತ್ರಾನ್ನ

ಆ ವಾರ ಡಿಸ್ಟ್ರಿಬ್ಯೂಟರ್ ಬಿಚ್ಚಿದೆ. ನಾಲ್ಕು ಪ್ಲಗ್ಗಿಗೂ ಸರದಿ ಮೇಲೆ ಕರೆಂಟ್ ಹಂಚೋ ಕರಿ ಡಬ್ಬಿ ಅದು. ಮುಚ್ಚಳದೊಳಗೆ ಕೆಂಪಗೆ ದಪ್ಪ ಪದರ ಕಟ್ಟಿತ್ತು. ಆರು ವರ್ಷದ ತುಕ್ಕು ಅಂದ್ಕೊಂಡು ಕೆರೆದು ಒರೆಸ್ದೆ. ಗುರುವಾರ ಸಂಜೆ ಇಂಜಿನ್ ಹೊಲಿಗೆ ಮಷೀನ್ ಥರ ಓಡ್ತು. ನನಗೆ ಕುಣಿಯೋ ಹಾಗಾಯ್ತು. ಅಮ್ಮಾವ್ರು ಮಾತ್ರ ಬಾಗ್ಲಲ್ಲಿ ನಿಂತು, "ಏನೋ ಸರಿ ಇಲ್ಲ ಕಣಪ್ಪ, ಶಬ್ದವೇ ಬರ್ತಿಲ್ಲ," ಅಂತ ಸಪ್ಪೆ ಮುಖ ಮಾಡಿದ್ರು.

ಶುಕ್ರವಾರ ಬೆಳಿಗ್ಗೆ ಅವರು ಶೆಡ್ ತೊಳೆದು, ರಂಗೋಲಿ ಹಾಕಿ, ಗಾಡಿಗೆ ಪೂಜೆ ಮಾಡಿದ ಮೇಲೇ ನನ್ನನ್ನ ಒಳಗೆ ಬಿಡೋದು. ಅವತ್ತೂ ಹಣೆಗೆ ಕುಂಕುಮ ಇಟ್ಟು ಒಳಗೆ ಬಿಟ್ರು. ಕೆ.ಆರ್. ಪುರದಲ್ಲಿರೋ ಅವರ ತಂಗಿ ಮನೆಗೆ ಹೊರಟ್ವಿ. ಹೊರಡುವಾಗಲೇ ಟಪ್ ಅಂತು. ಇಂದಿರಾನಗರ ಮುಟ್ಟೋದರಲ್ಲಿ ಗಾಡಿ ನಡುರೋಡಲ್ಲಿ ನಿಂತೇಹೋಯ್ತು. ನಾನು ಬಾನೆಟ್ ಎತ್ತಿ ತಲೆ ಚಚ್ಕೋತಿದ್ದೆ. ನಾಲ್ಕು ಜನ ಪಾಪ ಬಂದು ತಳ್ಳಿದ್ರು. ಅಮ್ಮಾವ್ರು ಹಿಂದಿನ ಸೀಟಿಂದ ಇಳೀಲೂ ಇಲ್ಲ, ನಿಧಾನಕ್ಕೆ ಬುಟ್ಟಿ ಬಿಚ್ಚಿ ಬಾಳೆಎಲೆ ಪೊಟ್ಟಣ ತೆಗೆದ್ರು. ಬಿಸಿಬಿಸಿ ಚಿತ್ರಾನ್ನ.

"ಅಮ್ಮಾ, ತಂಗಿ ಮನೇಲಿ ಊಟ ಇದೆ ಅಂದ್ರಲ್ಲಾ?"

"ಇದೆ. ಆದ್ರೆ ಈ ಗಾಡೀಲಿ ಹೊರಟ್ರೆ ಯಜಮಾನ್ರ ಕಾಲದಿಂದಲೂ ಊಟ ಇಲ್ಲೇ. ತಗೋ, ತಳ್ಳೋರಿಗೂ ಕಟ್ಕೊಂಡು ಬಂದಿದೀನಿ."

ಐದು: ತುಕ್ಕು

ಅದಾದ ಮೇಲೆ ಪ್ರತಿ ವಾರ ಇದೇ ಗೋಳು. ನಾನು ಒರೆಸ್ತೀನಿ, ಗುರುವಾರ ಬಂಗಾರ. ಶುಕ್ರವಾರ ಕೆಮ್ಮು. ಬಿಚ್ಚಿದ್ರೆ ಒಳಗೆ ಮತ್ತೆ ಕೆಂಪು. ಮೈದುನನ ಮಗ ಟೇಪ್ ಹಿಡ್ಕೊಂಡು ಬಂದು ಶೆಡ್ಡಿನ ಅಳತೆ ತಗೊಂಡು ಹೋದ. "ಫೋನ್ ಇಲ್ಲಿಡ್ತೀನಿ, ಸ್ಟೂಲ್ ಅಲ್ಲಿಡ್ತೀನಿ," ಅಂತ ನನ್ನ ಟೂಲ್ ಬಾಕ್ಸ್ ತೋರ್ಸಿ ಹೇಳ್ದ. ನಿಜ ಹೇಳ್ತೀನಿ, ನನಗೆ ಅನ್ನ ಸೇರ್ತಿರ್ಲಿಲ್ಲ. ಇದೂ ಹೋದ್ರೆ ಮತ್ತೆ ಫುಟ್‌ಪಾತೇ ಗತಿ. ಒಂದು ಮಿಸ್ಸಿಂಗ್ ಹಿಡಿಯೋಕೆ ಆಗ್ದೇ ಇರೋನು ನಾನ್ಯಾವ ಸೀಮೆ ಮೆಕ್ಯಾನಿಕ್ ಅಂತ ಬೇಜಾರಾಗೋದು.

ಹಬ್ಬಕ್ಕೆ ಮೂರು ವಾರ ಇರುವಾಗ, ಒಂದು ಶುಕ್ರವಾರ ಪೂಜೆ ಮುಗಿದ ತಕ್ಷಣ ಆ ಮುಚ್ಚಳಾನ ಹಾಗೇ ಪೇಪರಲ್ಲಿ ಸುತ್ಕೊಂಡು ಶಿವಾಜಿನಗರಕ್ಕೆ ಓಡ್ದೆ.

"ಭಾಯ್, ವಾರಕ್ಕೊಂದು ಸಲ ತುಕ್ಕು ಹಿಡಿಯುತ್ತೆ. ಇದೆಂಥಾ ಕಾಯಿಲೆ?"

ಭಾಯ್ ಕನ್ನಡಕ ಏರಿಸಿ ನೋಡಿದ್ರು. ಬೆರಳಲ್ಲಿ ಉಜ್ಜಿ ಮೂಸಿದ್ರು. ಆಮೇಲೆ ನನ್ನ ಮುಖಾನೇ ನೋಡಿದ್ರು.

"ಮಿಯಾ, ಇದು ಬೇಕಲೈಟು. ಒಂಥರಾ ಪ್ಲಾಸ್ಟಿಕ್ಕು. ಇದಕ್ಕೆ ತುಕ್ಕು ಹಿಡಿಯುತ್ತಾ?"

"ಹಾಗಾದ್ರೆ ಇದೇನು?"

"ನನ್ನ ಕೇಳ್ತೀಯಾ? ಕನ್ನಡಿ ನೋಡ್ಕೋ. ನಿನ್ನ ಹಣೆಗೂ ಅದೇ ತುಕ್ಕು ಹಿಡ್ದಿದೆ."

ಆರು: ಹೊಸ ಪ್ರಾಣ

ಮುಂದಿನ ಶುಕ್ರವಾರ ಬೇಗ ಹೋಗಿ ಕಿಟಕೀಲಿ ನೋಡ್ದೆ. ಅಮ್ಮಾವ್ರು ಬಾನೆಟ್ ಎತ್ತಿದ್ರು, ಡಿಸ್ಟ್ರಿಬ್ಯೂಟರ್ ಕ್ಲಿಪ್ ಎರಡನ್ನೂ ನನಗಿಂತ ಚೆನ್ನಾಗಿ ಬಿಚ್ಚಿದ್ರು, ನೀರಲ್ಲಿ ಕಲಸಿದ ಅರಿಶಿನ ಕುಂಕುಮಾನ ಒಳಗೆ ನಾಲ್ಕೂ ಕಡೆ ಇಟ್ಟು, ಮುಚ್ಚಿ ಕೈಮುಗಿದ್ರು. ಒದ್ದೆ ಕುಂಕುಮ ಇದ್ರೆ ಕರೆಂಟ್ ದಾರಿ ತಪ್ಪದೇ ಇನ್ನೇನಾಗುತ್ತೆ.

"ಅಮ್ಮಾ, ಅಲ್ಯಾಕೆ ಇಡ್ತೀರ?"

"ಗಾಡಿ ತಂದ ದಿನ ಯಜಮಾನ್ರು ತೋರ್ಸಿದ್ರು, ಇದೇ ಇದರ ಪ್ರಾಣ ಅಂತ. ಅವತ್ತಿಂದ ಒಂದು ಶುಕ್ರವಾರಾನೂ ತಪ್ಸಿಲ್ಲ. ಈಗ ನನ್ನ ಹಣೆಗಂತೂ ಇಟ್ಕೊಳ್ಳೋ ಹಾಗಿಲ್ಲ. ಇಡೋಕೆ ಇದೊಂದು ಉಳಿದಿದೆ."

ಬೇಡ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ಭಾಯ್ ಅಂಗಡಿಯಿಂದ ಕೆಟ್ಟುಹೋದ ಒಂದು ಡಿಸ್ಟ್ರಿಬ್ಯೂಟರ್ ತಂದು, ಫಳಫಳ ತಿಕ್ಕಿ, ಬ್ಯಾಟರಿ ಪಕ್ಕ ಬರೀ ತೋರಿಕೆಗೆ ಬೋಲ್ಟ್ ಹಾಕಿ ಕೂರಿಸ್ದೆ. "ಅಮ್ಮಾ, ಹಳೇ ಪ್ರಾಣ ಸುಸ್ತಾಗಿತ್ತು. ಇದು ಹೊಸ ಪ್ರಾಣ. ಇನ್ಮೇಲೆ ಇದಕ್ಕೇ ಇಡಿ," ಅಂದೆ. ಅವರು ಅದನ್ನ ತುಂಬಾ ಹೊತ್ತು ನೋಡಿ, "ಆಯ್ತು ಕಣಪ್ಪ," ಅಂದ್ರು.

ಅದರ ಮುಂದಿನ ಶುಕ್ರವಾರ ಗಾಡಿ ಕೆಮ್ಮಲಿಲ್ಲ. ನಾನು ಧೈರ್ಯ ಮಾಡಿ ಶೆಡ್ಡಿನ ಗೋಡೆಗೆ ಕ್ಯಾಲೆಂಡರ್ ಹಾಕೋಕೆ ಒಂದು ಮೊಳೆ ಹೊಡೆದೇ ಬಿಟ್ಟೆ.

ಏಳು: ಆಯುಧ ಪೂಜೆ

ಹಬ್ಬದ ದಿನ ಗಾಡಿ ಮುಂದೆ ಬಾಳೆಕಂದು, ಬಾನೆಟ್ ತುಂಬ ಚೆಂಡುಹೂ. ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಅಮ್ಮಾವ್ರನ್ನ ಹಿಂದೆ ಕೂರಿಸ್ಕೊಂಡು ಸ್ಟಾರ್ಟ್ ಮಾಡ್ದೆ.

ಟಪ್. ಟಪ್ ಟಪ್.

ದೊಮ್ಮಲೂರಿಂದ ಹಲಸೂರು ತನಕ ಗಾಡಿ ಕೆಮ್ತಾ, ನಡುಗ್ತಾ, ದಾರಿಯುದ್ದಕ್ಕೂ ಚೆಂಡುಹೂ ಉದುರಿಸ್ಕೊಂಡು ಬಂತು. ಹಿಂದೆ ಸ್ಕೂಟರಲ್ಲಿ ಮೈದುನನ ಮಗ ನಗ್ತಾ ಬರ್ತಿದ್ದ. ನಾನು ಮನಸ್ಸಲ್ಲೇ ಕ್ಯಾಲೆಂಡರ್ ಇಳಿಸಿ ಮೊಳೆ ಕಿತ್ತೆ. ದೇವಸ್ಥಾನದ ಮುಂದೆ ಹೇಗೋ ಬಂದು ನಿಂತಾಗ ಸ್ಟೇರಿಂಗ್ ಮೇಲೆ ತಲೆ ಇಟ್ಬಿಟ್ಟೆ. ಅಳು ಬಂತು.

"ದೊಡ್ಡಮ್ಮಾ, ಇದು ಓಡ್ಕೊಂಡು ಬಂದಿದ್ದಲ್ಲ, ಒದ್ದಾಡ್ಕೊಂಡು ಬಂದಿದ್ದು," ಅಂದ ಮೈದುನನ ಮಗ. "ಶೆಡ್ಡು ನಂಗೇ ತಾನೆ?"

ನಾನು ಇಂಜಿನ್ ಆಫ್ ಮಾಡೋಕೆ ಕೀಗೆ ಕೈ ಹಾಕ್ದೆ. ಹಿಂದಿನಿಂದ ಅಮ್ಮಾವ್ರು ನನ್ನ ಭುಜ ಹಿಡ್ಕೊಂಡ್ರು. "ಆಫ್ ಮಾಡ್ಬೇಡ. ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ."

ಅವರು ಕಣ್ಣು ಮುಚ್ಕೊಂಡಿದ್ರು. ಕೆನ್ನೆ ಒದ್ದೆಯಾಗಿತ್ತು.

"ಗೇಟ್ ಹತ್ರ ಈ ಕೆಮ್ಮು ಕೇಳಿದ್ರೆ ಯಜಮಾನ್ರು ಬಂದ್ರು ಅಂತ ನಾನು ಮುದ್ದೆಗೆ ಎಸರಿಡ್ತಿದ್ದೆ. ನೀನು ಸರಿ ಮಾಡ್ದಾಗೆಲ್ಲಾ ಯಾರದೋ ಗಾಡಿ ಅನ್ನಿಸ್ತಿತ್ತು. ಇವತ್ತು ಸರಿ ಹೋಗಿದೆ." ಆಮೇಲೆ ಕಿಟಕಿ ಕಡೆ ತಿರುಗಿ ಹೇಳಿದ್ರು, "ಶೆಡ್ಡು ಇವನದೇ ಕಣೋ. ನೀನು ಬೇರೆ ಕಡೆ ನೋಡ್ಕೋ."

ನನಗೆ ತಲೆಬುಡ ತಿಳೀಲಿಲ್ಲ. "ಅಮ್ಮಾ, ನೀವು ಹೊಸ ಪ್ರಾಣಕ್ಕೆ ತಾನೇ ಕುಂಕುಮ ಇಟ್ಟಿದ್ದು?"

"ಅದಕ್ಕೊಂದು ವೈರೂ ಇಲ್ಲ ಅಂತ ನಂಗೆ ಕಣ್ಣು ಕಾಣಲ್ವಾ? ಪಾಪ, ಕಷ್ಟಪಟ್ಟು ಕೂರಿಸಿದೀಯ ಅಂತ ಸುಮ್ನಿದ್ದೆ. ಇವತ್ತು ಹಬ್ಬ, ಎರಡಕ್ಕೂ ಇಟ್ಟೆ."

ಶೆಡ್ ಇವತ್ತಿಗೂ ನನ್ನದೇ. ಊರೋರ ಗಾಡಿ ಎಲ್ಲಾ ಸರಿ ಮಾಡಿ ಕಳಿಸ್ತೀನಿ. ಆಮೇಲೊಂದು ಸಲ ಅಮ್ಮಾವ್ರ ಗಾಡಿ ಸರ್ವೀಸ್ ಮಾಡುವಾಗ, ಕೈ ಸುಮ್ನಿರ್ದೆ, ಅದನ್ನೂ ಪೂರ್ತಿ ಸರಿ ಮಾಡ್ಬಿಟ್ಟೆ. ಸ್ಟಾರ್ಟ್ ಮಾಡಿ ಎರಡು ನಿಮಿಷ ಆಗಿಲ್ಲ, ಅಡಿಗೆಮನೆ ಕಿಟಕಿಯಿಂದ ಕೂಗಿದ್ರು.

"ಏನಪ್ಪಾ, ಗಾಡಿ ಕೆಟ್ಟುಹೋಯ್ತಾ?"

ನಾನು ನಿಟ್ಟುಸಿರು ಬಿಟ್ಟು ಒಂದು ಪ್ಲಗ್ ವೈರ್ ಕಿತ್ತೆ. ಟಪ್. ಟಪ್ ಟಪ್.

"ಹಾಂ, ಈಗ ರಿಪೇರಿ ಆಯ್ತು ನೋಡು," ಅಂದ್ರು.