ಮಾವನ ಪಿಸ್ತೂಲಿಗೆ ನಾನು ತಂದ ಹೊಳಪು

ನಮ್ಮ ಮನೆಯಲ್ಲಿ ಪ್ರತಿ ಹಬ್ಬಕ್ಕೂ ಹಿತ್ತಾಳೆ ದೀಪ ಉಜ್ಜುವವನು ನಾನೇ. ಹುಣಸೆಹಣ್ಣು, ತೆಂಗಿನ ನಾರು ಕೊಟ್ಟರೆ ಸಾಕು, ಯಾವ ಲೋಹವೂ ನನ್ನೆದುರು ಕಪ್ಪಗೆ ಉಳಿಯಲಾರದು ಎಂಬ ಜಂಬ ನನಗಿತ್ತು. ಆ ಜಂಬದಲ್ಲೇ ಗುಬ್ಬಿಯಿಂದ ಮಾವನವರ ಪಿಸ್ತೂಲನ್ನು ಸದಾಶಿವನಗರದ ನಮ್ಮ ಮನೆಗೆ ತಂದೆ.

ಚಕಮಕಿ ಕಲ್ಲಿನ ಕಿಡಿಯಿಂದ ಗುಂಡು ಹಾರುತ್ತಿದ್ದ ಕಾಲದ ಪಿಸ್ತೂಲು ಅದು. ಮಾವನ ಮುತ್ತಾತನದು. ಈಗ ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡು ತೆಪ್ಪಗೆ ಮಲಗುವುದಷ್ಟೇ ಅದರ ಕೆಲಸ. ಅದನ್ನು ನೋಡಲು ಮೈಸೂರಿನಿಂದ ಹಳೇ ಆಯುಧಗಳ ತಜ್ಞರೊಬ್ಬರು ಬರುವವರಿದ್ದರು. ಅವರು ಒಪ್ಪಿದರೆ ಅವರ ಪುಸ್ತಕದಲ್ಲಿ ಮಾವನ ಮನೆತನದ ಹೆಸರು, ಜೊತೆಗೆ ಫೋಟೋ! ಈ ಸುದ್ದಿಯನ್ನು ಮಾವ ಗುಬ್ಬಿ ಬಸ್ ಸ್ಟ್ಯಾಂಡಿನವರೆಗೂ ಹಂಚಿ ಮುಗಿಸಿದ್ದರು.

"ರೀ, ಅಪ್ಪ ಹೇಳಿದ್ದು ಧೂಳು ಒರೆಸೋಕೆ ಮಾತ್ರ," ಎಂದಳು ಹೆಂಡತಿ ಶೈಲಾ.

"ಧೂಳು ಒರೆಸೋಕೆ ನಾನ್ಯಾಕೆ ಬೇಕು? ಸುಮ್ನೆ ನೋಡ್ತಿರು!"

ಹುಣಸೆಹುಳಿ ಬಿತ್ತು. ಹಿತ್ತಾಳೆ ಪಟ್ಟಿ ಬೆಳಗಿತು, ಪಕ್ಕದ ಕಬ್ಬಿಣದ ನಳಿಗೆ ಮಂಕಾಗಿ ಕಂಡಿತು. ಉಪ್ಪುಕಾಗದ ಹಾಕಿ ತಿಕ್ಕಿದೆ. ನಳಿಗೆ ಬೆಳಗಿತು, ಹಿಡಿಕೆಯ ಮರ ಮಂಕಾಯಿತು. ವಾರ್ನಿಷ್ ಬಳಿದೆ. ಈಗ ಮೂರಕ್ಕೂ ಮೂರು ಬಣ್ಣ! ಅಂತರಸನಹಳ್ಳಿಯಲ್ಲಿ ಸ್ಟೀಲ್ ಪಾತ್ರೆಗಳಿಗೆ ಮಷಿನ್‌ನಲ್ಲಿ ಪಾಲಿಷ್ ಹಾಕುವ ಗೆಳೆಯ ರಿಯಾಜ್ ಬಳಿಗೆ ಸ್ಕೂಟರ್ ಓಡಿಸಿದೆ.

"ಗುರು, ಮೇಲೆ ಬಳ್ಳಿ, ಹಕ್ಕಿ ಏನೋ ಕೆತ್ತವ್ರೆ ಕಣೋ. ಮಷಿನ್‌ಗೆ ಕೊಟ್ರೆ ಹೋಗ್ಬಿಡ್ತದೆ."

"ಅದು ಬಳ್ಳಿ ಅಲ್ಲ, ಕೊಳೆ! ನೀನು ಹೊಡಿ!"

ಎರಡೇ ನಿಮಿಷ. ಬಳ್ಳಿಯೂ ಇಲ್ಲ, ಹಕ್ಕಿಯೂ ಇಲ್ಲ. ಸ್ಪ್ರಿಂಗಿನ ಕಮಾನಿರುವ ಒಳಭಾಗವನ್ನೂ ಬೆಳಗಬೇಕೆಂದಿದ್ದೆ. ಆದರೆ ಪಕ್ಕದ ಸ್ಕ್ರೂ ತಿರುಗಿಸಿ ತಿರುಗಿಸಿ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವೇ ಹೊರತು ಅದು ಅಲುಗಲಿಲ್ಲ.

ಭಾನುವಾರ ಗುಬ್ಬಿಯಲ್ಲಿ ಮಾವ ತಜ್ಞರೆದುರು ಪಿಸ್ತೂಲಿಗೆ ಸುತ್ತಿದ್ದ ಬಟ್ಟೆಯನ್ನು ಹೆಮ್ಮೆಯಿಂದ ಬಿಚ್ಚಿದರು. ಅದರ ಹೊಸ ರೂಪವನ್ನು ಮಾವ ನೋಡಿದ್ದೂ ಆಗಲೇ! ಅದರಲ್ಲಿ ತಮ್ಮ ಮುಖವೇ ಕಂಡು ಕನ್ನಡಕ ಸರಿಮಾಡಿಕೊಂಡರು. ತಜ್ಞರು ತಿರುಗಿಸಿ ನೋಡಿ, "ಚೆನ್ನಾಗಿ ಮಾಡಿದಾರೆ. ನಾಟಕಕ್ಕೆ ಮಾಡ್ಸಿದ್ದಾ?" ಎಂದರು.

ಗುಬ್ಬಿ ನಾಟಕದ ಊರು, ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮಾವ ಮಾತ್ರ ಕುಸಿದು ಕೂತರು. "ನಮ್ಮ ಮುತ್ತಾತಂದು ಸ್ವಾಮಿ..." ಎಂದರು. ನನಗೆ ನಿಜಕ್ಕೂ ನಾಚಿಕೆಯಾಯಿತು. ಹುಣಸೆಹಣ್ಣಿನಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡೆ.

ತಜ್ಞರು ಆ ಸ್ಕ್ರೂಗೆ ಎರಡು ಹನಿ ಎಣ್ಣೆ ಬಿಟ್ಟು ಕಾದು, ಮೆಲ್ಲಗೆ ತಿರುಗಿಸಿದರು. ಬಂತು! ಒಳಗೆ ಎಲ್ಲವೂ ಹಾಗೇ ಇತ್ತು. ಅರದಲ್ಲಿ ಕೈಯಿಂದಲೇ ತಿದ್ದಿದ ಕಮಾನು. ಯಾರ ಕಣ್ಣಿಗೂ ಬೀಳದ ಆ ಜಾಗದಲ್ಲೂ ಕಮ್ಮಾರ ಕೆತ್ತಿದ್ದ ಒಂದು ಪುಟ್ಟ ಹೂವು.

"ಅಸಲಿ ಮಾಲು! ಇಲ್ಲಿ ಯಾಕೆ ಉಜ್ಜಿಲ್ಲ ನೀವು?"

"ಸ್ಕ್ರೂ ಬರ್ಲಿಲ್ಲ ಸಾರ್."

ಮಾವ ಗೋಡೆಯ ಮೇಲಿದ್ದ ಮನೆದೇವರ ಪಟಕ್ಕೆ ಕೈಮುಗಿದರು. "ಅಳಿಯಂದ್ರ ಕೈಗೆ ಬಲ ಕೊಡ್ಲಿಲ್ವಲ್ಲ, ನೀನಿದೀಯಪ್ಪ!"

ಪುಸ್ತಕದಲ್ಲಿ ಒಳಭಾಗದ ಫೋಟೋ ಮಾತ್ರ ಬಂತು. ಈಗ ದೀಪ ಉಜ್ಜುವವಳು ಶೈಲಾ. ಹಬ್ಬಕ್ಕೆ ನನ್ನ ಪಾಲಿಗೆ ಬಂದಿರುವುದು ಪ್ಲಾಸ್ಟಿಕ್ ಬಕೆಟ್ಟು.