ಮೂರು ಊರಿನ ರೇಟು

ನಮ್ಮ ಚಿಗವ್ವನ ಜೊತೆ ಒಮ್ಮೆ ಸಾಬೂನು ಕೊಳ್ಳಲು ಹೋಗಿ ಬಂದವರು ಆಮೇಲೆ ಸ್ನಾನದ ಬಗ್ಗೆ ಮೊದಲಿನ ಉತ್ಸಾಹ ಉಳಿಸಿಕೊಂಡಿದ್ದನ್ನು ನಾನು ಕಂಡಿಲ್ಲ. ಉತ್ಪ್ರೇಕ್ಷೆ ಅಂದಿರಾ? ಹಾಗಾದರೆ ಯಾವುದಾದರೂ ಶನಿವಾರ ಮಧ್ಯಾಹ್ನ ಶಹಾಪುರದ ಬಸ್ ನಿಲ್ದಾಣಕ್ಕೆ ಬನ್ನಿ. ಎರಡೂ ಕೈಯಲ್ಲಿ ಖಾಲಿ ಚೀಲ ಹಿಡಿದು, ಸೆರಗು ಬಿಗಿದು, ದಂಡಯಾತ್ರೆಗೆ ಹೊರಟವಳ ಗತ್ತಿನಲ್ಲಿ ನಿಂತಿರುವಾಕೆ ನಮ್ಮ ಚಿಗವ್ವ, ಅಂದರೆ ನನ್ನ ಕಾಕಾನ ಹೆಂಡತಿ. ಪಕ್ಕದಲ್ಲಿ ಜೋಲು ಮುಖ ಹಾಕಿಕೊಂಡಿರುವ ನಲವತ್ತು ದಾಟಿದ ಶಾಲೆಯ ಮೇಡಂ ನಾನು. ಶನಿವಾರ ಶಾಲೆ ಅರ್ಧ ದಿನ ಎಂಬ ಗುಟ್ಟನ್ನು ಆಕೆಯ ಮುಂದೆ ಬಾಯಿಬಿಟ್ಟದ್ದು ನನ್ನ ಜೀವನದ ದೊಡ್ಡ ತಪ್ಪು!

ಚಿಗವ್ವನ ಸಂಸಾರಕ್ಕೆ ಒಂದೇ ಕಾನೂನು. ಮೂರು ಕಡೆ ರೇಟು ಕೇಳದೆ ಏನನ್ನೂ ಕೊಳ್ಳಬಾರದು. ಒಳ್ಳೆಯ ಕಾನೂನೇ, ನಾನು ಬೇಡ ಅನ್ನುವುದಿಲ್ಲ. ಮೊದಲು ಆ ಮೂರು ಕಡೆ ಅಂದರೆ ಒಂದೇ ಸಾಲಿನ ಮೂರು ಅಂಗಡಿಗಳಾಗಿದ್ದವು. ಯಾವಾಗ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತೋ ಆವತ್ತೇ ಮೂರು ಅಂಗಡಿಗಳು ಮೂರು ಊರುಗಳಾದವು! ಶಹಾಪುರದಲ್ಲಿ ಕೇಳು, ಸುರಪುರದಲ್ಲಿ ಕೇಳು, ಯಾದಗಿರಿಯಲ್ಲಿ ಕೇಳು, ಆಮೇಲೆ ಎಲ್ಲಿ ಸಸ್ತಾ ಇದೆಯೋ ಅಲ್ಲಿಗೆ ಮತ್ತೆ ಹೋಗು. ಎರಡು ಕೆಜಿ ಬೆಲ್ಲಕ್ಕೆ ಜಿಲ್ಲೆಯ ಪ್ರದಕ್ಷಿಣೆ.

"ಅಲ್ಲಬೇ ಚಿಗವ್ವ, ನಾಕು ರೂಪಾಯಿ ಉಳಸಾಕ ಅರ್ಧ ದಿನ ಹಾಳಾಗ್ತದಲ್ಲ?"

"ದಿನಕ್ಕ ನಾವೇನು ರೊಕ್ಕ ಕೊಟ್ಟೀವೇನು? ಬಸ್ ಫುಕಟ್, ಕಾಲು ನಮ್ಮವು. ಆಧಾರ್ ಕಾರ್ಡ್ ತಗೊಂಡೀದಿಲ್ಲೊ?"

"ಮತ್ತ ನಾ ಸ್ಟ್ಯಾಂಡಿನ್ಯಾಗ ಎರಡು ಸಲ ಚಹಾ ಕುಡದದ್ದು?"

"ಅದು ನಿನ್ನ ಚಟ. ಬೆಲ್ಲದ ಲೆಕ್ಕದಾಗ ಯಾಕ ಕೂಡಸ್ತಿ?"

ಇಂಥವಳ ಜೊತೆ ವಾದ ಮಾಡಿ ಗೆದ್ದವರು ಯಾರಿದ್ದಾರೆ?

ಆಕೆಯ ಚೀಲ ಖಾಲಿ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ತಳದಲ್ಲಿ ಒಂದು ಗುಂಡುಕಲ್ಲು ಇರುತ್ತದೆ. ಮನೆಯಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುವ ಕಲ್ಲು ಅದು. ಕಾಕಾ ಕೆಲಸ ಮಾಡುತ್ತಿದ್ದ ಹತ್ತಿ ಮಿಲ್ಲಿನಲ್ಲಿ ಅದನ್ನು ತೂಗಿಸಿ ನೋಡಿದ್ದಾಳೆ. ಸರಿಯಾಗಿ ಒಂದು ಕೆಜಿ ನೂರ ನಲವತ್ತು ಗ್ರಾಂ. ಯಾವ ಅಂಗಡಿಗೆ ಹೋದರೂ ಮೊದಲು ಕಲ್ಲು ತಕ್ಕಡಿ ಏರಬೇಕು. ಕಾಟಾ ಅದೇ ತೂಕ ತೋರಿಸಿದರೆ ವ್ಯಾಪಾರ, ಇಲ್ಲವಾದರೆ ಕಲ್ಲು ವಾಪಸ್ ಚೀಲಕ್ಕೆ, ನಾವು ವಾಪಸ್ ರಸ್ತೆಗೆ. ನಾಲ್ಕು ಜನ ಗಿರಾಕಿಗಳ ನಡುವೆ ಆ ಕಲ್ಲು ಹೊರಬರುವಾಗ ನಾನು ಗೋಡೆಯ ಕ್ಯಾಲೆಂಡರ್ ಓದುತ್ತ ನಿಲ್ಲುತ್ತೇನೆ. ಈಗ ಶಹಾಪುರದ ಅಂಗಡಿಯವರೇ ನಮ್ಮನ್ನು ಕಂಡ ಕೂಡಲೇ, "ಬರ್ರಿ ಅವ್ವಾರ, ಕಲ್ಲು ತಂದೀರೇನ್ರಿ?" ಎಂದು ಕೇಳುತ್ತಾರೆ. ನನ್ನ ಶಾಲೆಯ ಮಕ್ಕಳ ನಡುವೆ ನನಗೆ ಯಾವ ಹೆಸರು ಬಿದ್ದಿದೆ ಎಂದು ನಿಮಗೆ ಹೇಳಬೇಕೆ? ಕಲ್ಲು ಮೇಡಂ!

ಸಿಟ್ಟು ಬರುವುದು ಆಕೆಯ ಹುಚ್ಚಿಗಲ್ಲ, ಆಕೆ ಹೇಳಿದ್ದು ಪ್ರತಿ ಸಲವೂ ಸರಿಯಾಗುವುದಕ್ಕೆ. ಬಟ್ಟೆ ಒಗೆಯುವ ಮಷೀನು ಕೊಳ್ಳಲು ಹೋದಾಗ ಅಂಗಡಿಯವರು ಎಷ್ಟು ನಯವಾಗಿ ಮಾತಾಡಿದರು! "ಮೇಡಂ, ಹತ್ತು ಕಂತು, ಬಡ್ಡಿನೇ ಇಲ್ಲ." ನಾನು ಪೆನ್ನು ತೆಗೆದಿದ್ದೆ. ಚಿಗವ್ವ ನಡುವೆ ಬಂದಳು.

"ಬಡ್ಡಿ ಇಲ್ಲದ ಕೊಡಾಕ ಈಕಿ ನಿಮಗ ಏನಾಗಬೇಕ್ರಿ?"

"ಸ್ಕೀಮ್ ಅದರಿ ಅವ್ವಾರ. ಒಂದು ಸಣ್ಣ ಫೈಲ್ ಚಾರ್ಜ್ ಅಷ್ಟ."

"ಹಂಗನ್ರಿ! ಮತ್ತ ಪೂರಾ ರೊಕ್ಕ ಒಮ್ಮೆ ಎಣಿಸಿ ಕೊಟ್ರ ಎಷ್ಟು ಇಳಸ್ತೀರಿ?"

ಅಂಗಡಿಯವರು ಕೆಮ್ಮಿದರು. ಒಮ್ಮೆಲೇ ಕೊಟ್ಟರೆ ಬೆಲೆ ಇಳಿಯುತ್ತದೆ ಎಂದು ಒಪ್ಪಿಕೊಳ್ಳಬೇಕಾಯಿತು. ಇಳಿಯುವ ರೊಕ್ಕ, ಫೈಲಿನ ರೊಕ್ಕ ಎರಡನ್ನೂ ಚಿಗವ್ವ ಬೆರಳಲ್ಲೇ ಕೂಡಿಸಿ, "ಇದ ನೋಡು ನಿನ್ನ ಬಡ್ಡಿ ಇಲ್ಲದ ಬಡ್ಡಿ" ಎಂದಳು. ಅಷ್ಟಕ್ಕೆ ಬಿಟ್ಟಳೇ? "ಆ ಕಂತು ತಿಂಗಳಾ ನೀನ ನಿನಗ ಕಟ್ಟು" ಎಂದು ಪೋಸ್ಟ್ ಆಫೀಸಿನಲ್ಲಿ ಖಾತೆ ಮಾಡಿಸಿದಳು. ಹತ್ತು ತಿಂಗಳು ಕೈಯಲ್ಲೇ ಬಟ್ಟೆ ಒಗೆದೆ. ಮಷೀನು ಕಡಿಮೆ ಬೆಲೆಗೆ ಬಂತು ನಿಜ. ಆದರೆ ನನ್ನ ರಟ್ಟೆ ನೋವಿನ ಲೆಕ್ಕ ಆಕೆ ಇವತ್ತಿಗೂ ಹಿಡಿದಿಲ್ಲ.

ಇಷ್ಟೆಲ್ಲ ಸಹಿಸಿಕೊಂಡೆ. ಸಹಿಸಲಾಗದೆ ಹೋದದ್ದು ಕಾಕಾನ ಕಿವಿಯ ವಿಷಯದಲ್ಲಿ.

ಮಿಲ್ಲಿನ ಯಂತ್ರಗಳ ಸದ್ದಿನಲ್ಲಿ ಮೂವತ್ತು ವರ್ಷ ದುಡಿದ ಕಾಕಾನ ಕಿವಿ ಮಂದವಾಗುತ್ತ ಬಂದಿತ್ತು. ಸೋಮವಾರದ ಭಜನೆಯಲ್ಲಿ ತಾಳ ಹಿಡಿಯುವವನು ಅವನೇ. ಒಂದು ಸೋಮವಾರ ಹಾಡು ಮುಗಿದ ಮೇಲೂ ಅವನ ತಾಳ ನಡೆದೇ ಇತ್ತು. ಯಾರೂ ನಗಲಿಲ್ಲ. ಅವನೇ ಸುತ್ತ ನೋಡಿ ನಿಲ್ಲಿಸಿದ. ಮನೆಗೆ ಬಂದು ತಾಳಗಳನ್ನು ಬಟ್ಟೆಯಲ್ಲಿ ಸುತ್ತಿ ಗೋಡೆಯ ಮಾಡದಲ್ಲಿಟ್ಟ. ಮತ್ತೆ ಭಜನೆಗೆ ಹೋಗಲಿಲ್ಲ. ಬರಬರುತ್ತ ಮಾತೂ ಬಿಟ್ಟ. ಕಿವಿಗೆ ಮಷೀನು ಹಾಕಿಸಿದರೆ ಕೇಳಿಸುತ್ತದೆ, ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದರು.

ತಡ ಮಾಡಬೇಡಿ ಎಂದು ಯಾರಿಗೆ ಹೇಳಿದರು? ಚಿಗವ್ವನಿಗೆ!

ಶುರುವಾಯಿತು ಮೂರು ಊರಿನ ತಿರುಗಾಟ. ಮೊದಲು ಸುರಪುರ. ಅಂಗಡಿಯವರು ನಮ್ಮಿಬ್ಬರ ಮುಖ ನೋಡಿ, "ಕೇಳಸಲ್ದವರು ಯಾರ್ರಿ?" ಅಂದರು.

"ಅವರು ಮನಿಯಾಗ ಅದಾರ್ರಿ. ಗಂಡಸರಿಗೆ ಟಿಕೆಟ್ ಹತ್ತತದಲ್ರಿ. ರೇಟ್ ಗಟ್ಟಿ ಆದ ಮ್ಯಾಲ ಕರ್ಕೊಂಡು ಬರ್ತೀನಿ. ಸದ್ಯ ನನ್ನ ಕಿವ್ಯಾಗ ಹಾಕಿ ತೋರಸ್ರಿ."

"ನಿಮಗ ಚೊಲೊ ಕೇಳಸ್ತದಲ್ರಿ ಅವ್ವಾರ!"

"ಅದಕ್ಕ ಅಲ್ಲೇನ್ರಿ, ಚೊಲೊದು ಯಾವುದು, ಕೆಟ್ಟದ್ದು ಯಾವುದು ಅಂತ ನನಗ ತಿಳಿಯೋದು."

ಈ ತರ್ಕಕ್ಕೆ ಅವರು ಸೋತರು. ಮಷೀನು ಚಿಗವ್ವನ ಕಿವಿಗೆ ಹೋಯಿತು. ಅಷ್ಟರಲ್ಲಿ ಹೊರಗೆ ಲಾರಿಯೊಂದು ಹಾರ್ನ್ ಹೊಡೆಯಿತು. ಚಿಗವ್ವ ಕುರ್ಚಿಯಿಂದ ಎದ್ದೇಬಿಟ್ಟಳು. "ಬ್ಯಾಡ್ರಿ ಇದು, ಭಾಳ ಒದರ್ತದ!" ಮುಂದಿನ ವಾರ ಶಹಾಪುರದ ಅಂಗಡಿ. ಅಲ್ಲಿ ಸದ್ದು ತಗ್ಗಿಸಿ ಹಾಕಿದರು. ಅದೂ ಬೇಡವಾಯಿತು. "ಇದು ಇಲ್ಲದನೂ ನನಗ ಇಷ್ಟ ಕೇಳಸ್ತಿತ್ತು. ಮತ್ತ ರೊಕ್ಕ ಯಾಕ ಕೊಡಬೇಕು?" ಇದಕ್ಕೆ ಏನು ಹೇಳುತ್ತೀರಿ? ಹೀಗೆ ಅಂಗಡಿ ಅಂಗಡಿ ತಿರುಗಿ ನಾಲ್ಕು ತಿಂಗಳು ಕಳೆಯಿತು. ಕಾಕಾ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಚಿಗವ್ವ ಅವನ ಮುಂದೆ ಕೂತು ಆವತ್ತಿನ ರೇಟುಗಳನ್ನೆಲ್ಲ ಒಪ್ಪಿಸುತ್ತಿದ್ದಳು. ಮದುವೆಯಾದಾಗಿನಿಂದ ಅದು ನಡೆದು ಬಂದ ಪದ್ಧತಿ. ಕೇಳಿಸದಿದ್ದರೂ ಅವನು ತಲೆಯಾಡಿಸುತ್ತಿದ್ದ.

ಒಂದು ಸಂಜೆ ಇದನ್ನು ನೋಡಿ ನನ್ನ ತಲೆ ಕೆಟ್ಟಿತು.

"ಚಿಗವ್ವ, ಇದು ಬೆಲ್ಲ ಅಲ್ಲಬೇ! ಮನುಷ್ಯಾ ಮಾತ ಬಿಟ್ಟು ಕುಂತಾನ, ನೀ ಇನ್ನಾ ರೇಟ್ ಕೇಳಾಕತ್ತೀದಿ. ರೊಕ್ಕ ನಿನಗ ಕಾಕಾನಕಿಂತ ಹೆಚ್ಚಾತೇನು?"

ಅಂದ ಕೂಡಲೇ ಅನ್ನಬಾರದಿತ್ತು ಅನಿಸಿತು. ಚಿಗವ್ವ ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. ಚೀಲ ಮಡಿಚುತ್ತ ಕೂತಳು.

"ಇದ್ದದ್ದು ಒಂದ ಗಂಟು, ಅವರು ಮಿಲ್ ಬಿಟ್ಟಾಗ ಕೊಟ್ಟದ್ದು. ಒಂದ ಸಲ ತಗೊಳ್ಳಾಕ ಆಗ್ತದ. ನಾ ತಪ್ಪು ಮಷೀನ್ ತಂದೆ ಅಂದ್ರ, ಮತ್ತೊಂದು ಕೊಡಸೋ ತಾಕತ್ತು ನನಗಿಲ್ಲ. ಆವಾಗ ಅವರು ಹಿಂಗ ಕುಂತಿದ್ರ, ಅದು ನನ್ನಿಂದ ಆದಂಗ ಆಗ್ತದ. ಹೆದರಿಕಿ ಬರ್ತದಬೇ ಹುಡುಗಿ."

ಮೂವತ್ತು ವರ್ಷ ಅಂಗಡಿಯವರನ್ನು ನಡುಗಿಸಿದ ಹೆಂಗಸು ಹೆದರುತ್ತಾಳೆಂದು ನನಗೇನು ಗೊತ್ತಿತ್ತು?

"ಹಂಗಾರ ಕಿವಿ ಯಾರದೋ ಅವರನ್ನ ಕೇಳೂಣು. ಟಿಕೆಟ್ ನಾ ತಗೋತೀನಿ" ಅಂದೆ.

ಮುಂದಿನ ಶನಿವಾರ ಮೂವರೂ ಯಾದಗಿರಿಗೆ ಹೋದೆವು. ಅಲ್ಲಿಯವರು ಕಾಕಾನ ಕಿವಿ ಪರೀಕ್ಷೆ ಮಾಡಿ, ಕಂಪ್ಯೂಟರಿನಲ್ಲಿ ಅದೇನೋ ಹೊಂದಿಸಿ, ಮಷೀನು ಹಾಕಿದರು. ಚಿಗವ್ವನ ಕಡೆ ತಿರುಗಿ, "ಮಾತಾಡ್ರಿ ಅವ್ವಾರ" ಅಂದರು.

ನಂಬುತ್ತೀರೋ ಇಲ್ಲವೋ, ಚಿಗವ್ವನ ಬಾಯಿಂದ ಮಾತೇ ಬರಲಿಲ್ಲ! ಬಾಯಿ ತೆರೆದಳು, ಮುಚ್ಚಿದಳು. ಸೆರಗಿನ ತುದಿ ಬೆರಳಿಗೆ ಸುತ್ತಿದಳು. ಕಾಕಾ ಆಕೆಯ ಮುಖವನ್ನೇ ನೋಡುತ್ತಿದ್ದ. ಕೊನೆಗೆ ಅವನೇ ಕೇಳಿದ:

"ಬೆಲ್ಲ ಎಷ್ಟಾತು ಈ ಸಲ?"

"ಸುರಪುರದಾಗ..." ಎಂದಳು ಚಿಗವ್ವ. "ಸುರಪುರದಾಗ ನಾಕು ರೂಪಾಯಿ ಕಮ್ಮಿ ಅದರಿ."

"ಹೌದಾ?" ಎಂದ ಕಾಕಾ. ಅವನ ಕಣ್ಣಲ್ಲಿ ನೀರು ತುಂಬಿತ್ತು. ನನ್ನ ಕಣ್ಣಲ್ಲೂ.

ಚಿಗವ್ವ ರೊಕ್ಕದ ಗಂಟು ಬಿಚ್ಚಿ ಅವರು ಹೇಳಿದಷ್ಟನ್ನೂ ಎಣಿಸಿ ಇಟ್ಟಳು. ಒಂದು ರೂಪಾಯಿ ಇಳಿಸಲು ಕೇಳಲಿಲ್ಲ, ಕಾಕಾನ ಕೈ ಹಿಡಿದು ಮೆಟ್ಟಿಲು ಇಳಿದೇಬಿಟ್ಟಳು. ಬಿಲ್ಲು ಇಲ್ಲ, ಗ್ಯಾರಂಟಿ ಕಾರ್ಡು ಇಲ್ಲ! ನಾನೇ ಕೌಂಟರಿನ ಮುಂದೆ ನಿಂತು ಎರಡನ್ನೂ ಕೇಳಿ ಪಡೆದೆ. ಕಾರ್ಡಿನ ಮೇಲೆ ಅಂಗಡಿಯ ಮೊಹರು ಹಾಕಿದ್ದಾರಾ ಎಂದು ತಿರುಗಿಸಿ ನೋಡಿದೆ. ಕೆಟ್ಟರೆ ರಿಪೇರಿ ಎಲ್ಲಿ, ಎಷ್ಟು ದಿನದಲ್ಲಿ ಎಂದು ಜೋರು ಮಾಡಿದೆ. ಎದುರಿನ ಕನ್ನಡಿಯಲ್ಲಿ ನನ್ನ ಮುಖ ಥೇಟ್ ಚಿಗವ್ವನ ಹಾಗೆ ಕಂಡು ಗಾಬರಿಯಾಯಿತು.

ವಾಪಸ್ ಬರುವಾಗ ಅವರಿಬ್ಬರೂ ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದರು. ಬಸ್ಸು ಭೀಮಾ ನದಿಯ ಸೇತುವೆ ದಾಟುವಷ್ಟರಲ್ಲಿ ಚಿಗವ್ವ ಎಣ್ಣೆಯ ರೇಟು ಮುಗಿಸಿ ಬೇಳೆಗೆ ಬಂದಿದ್ದಳು. ಕಾಕಾನ ಕೈ ಕಿವಿಯ ಕಡೆ ಹೋಯಿತು. ಖಾಲಿ ಕೋಣೆಯಲ್ಲಿ ದೀಪ ಉರಿದರೆ ಎದ್ದು ಹೋಗಿ ಆರಿಸುವ ಮನೆಯಲ್ಲಿ ಇಷ್ಟು ವರ್ಷ ಬಾಳಿದವನಲ್ಲವೇ?

"ಊರು ಬರೋತನಕ ಬಂದ್ ಮಾಡಲಾ? ಸುಮ್ಮ ಚಾರ್ಜ್ ಹೋಗ್ತದ."

ಚಿಗವ್ವ ಅವನ ಕೈ ಹಿಡಿದು ಕೆಳಗಿಳಿಸಿದಳು.

"ಹೋಗ್ಲಿ ಬಿಡ್ರಿ. ನಾ ಇನ್ನಾ ಮಾತಾಡೋದದ."